ಆಯಿಲ್ ಪ್ರೆಶರ್ ಅಂದರೆ ಏನು?

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರನ್ನೇ ತಗೊಳ್ಳಿ. ಅದರ ಮೊದಮೊದಲ ಕಾರುಗಳಲ್ಲಿ ಒಂದೇ ದುಂಡು ಗೇಜಿನೊಳಗೆ ಎರಡು ಮುಳ್ಳುಗಳಿವೆ. ಒಂದು ನೀರಿನ ಬಿಸಿ ತೋರಿಸುತ್ತದೆ, ಇನ್ನೊಂದು ಆಯಿಲ್ ಪ್ರೆಶರ್, ಅಂದರೆ ಎಂಜಿನ್ ಒಳಗೆ ಹರಿಯುವ ಆಯಿಲಿನ ಒತ್ತಡ. ಈ ಎರಡನೇ ಮುಳ್ಳನ್ನು ನೋಡಿ ಗಾಬರಿಯಾಗುವವರೇ ಜಾಸ್ತಿ.

ಪಂಪ್ ಪ್ರೆಶರ್ ಹುಟ್ಟಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲ, ಪಂಪ್ ಆಯಿಲನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೆ. ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಮತ್ತು ಅದನ್ನು ಹಿಡಿದಿರುವ ಬೇರಿಂಗ್ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಆಯಿಲ್ ಅಲ್ಲಿಂದಲೇ ನುಸುಳಿ ಹೋಗಬೇಕು. ದಾರಿ ಕಿರಿದಾದ್ದರಿಂದ ಹಿಂದೆ ಒತ್ತಡ ಏರುತ್ತದೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತುತ್ತೇವಲ್ಲ, ಹಾಗೆ. ಬೇರಿಂಗ್ ಸವೆದರೆ ಸಂದು ದೊಡ್ಡದಾಗುತ್ತದೆ, ಹೆಬ್ಬೆರಳು ಸಡಿಲವಾದಂತೆ, ಮುಳ್ಳು ಇಳಿಯುತ್ತದೆ.

ಆಯಿಲ್ ಎಷ್ಟು ಗಟ್ಟಿ ಅನ್ನುವುದೂ ಮುಖ್ಯ. ತಣ್ಣಗಿರುವ ಜೋನಿ ಬೆಲ್ಲ ಚಮಚದಿಂದ ಇಳಿಯಲು ಸತಾಯಿಸುತ್ತದೆ, ಅದೇ ಬಿಸಿ ದೋಸೆ ಮೇಲೆ ಬಿದ್ದರೆ ಹರಿದೇ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಳ್ಳು ಮೇಲೇರಿದರೆ ಖುಷಿಪಡಬೇಡಿ, ಒಂದು ಗಂಟೆ ಓಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಎಷ್ಟು ತೋರಿಸುತ್ತದೆ ನೋಡಿ, ನಿಜ ತಿಳಿಯುವುದು ಆಗಲೇ. ಎಂಜಿಬಿಗೆ ಓಡುವಾಗ 50ರಿಂದ 80 ಪಿಎಸ್‌ಐ (ಒತ್ತಡದ ಅಳತೆ), ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, 10ರಿಂದ 25 ಇದ್ದರೆ ಸರಿ. ಸಾಮಾನ್ಯವಾಗಿ ಹಾಕುವುದು 20ಡಬ್ಲ್ಯು-50 ಅನ್ನುವ ಗಟ್ಟಿ ಆಯಿಲ್. ಈಗಿನ ಕಾರುಗಳ ತೆಳು ಆಯಿಲ್ ಇದಕ್ಕೆ ಬೇಡ.

ಮುಳ್ಳು ಕೆಳಗಿಳಿದರೆ ತಕ್ಷಣ ಎಂಜಿನ್ ಬಿಚ್ಚಬೇಕಿಲ್ಲ. ಮೊದಲು ಡಿಪ್‌ಸ್ಟಿಕ್ ತೆಗೆದು ಮಟ್ಟ ನೋಡಿ, ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಇಳಿದು ಆಯಿಲ್ ತೆಳುವಾಗಿದೆ ಅಂತ. ಆಮೇಲೆ ಬೇರೆ ಗೇಜ್ ಜೋಡಿಸಿ ಪರೀಕ್ಷಿಸಿ, ಹಳೇ ಗೇಜುಗಳು ತಪ್ಪು ತೋರಿಸುವುದುಂಟು. ಓಡುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಮಾತ್ರ ಇದ್ಯಾವುದೂ ಬೇಡ, ಆ ಕ್ಷಣವೇ ಎಂಜಿನ್ ಆಫ್ ಮಾಡಿ.

ಒಂದು ತಪ್ಪು ಮಾತ್ರ ದಯವಿಟ್ಟು ಮಾಡಬೇಡಿ. ಪ್ರೆಶರ್ ಮಿತಿಮೀರಿದಾಗ ಹೆಚ್ಚುವರಿ ಆಯಿಲನ್ನು ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ವಾಪಸ್ ಬಿಡಲು ರಿಲೀಫ್ ವಾಲ್ವ್ ಇದೆ, ಅದರ ಹಿಂದೊಂದು ಸ್ಪ್ರಿಂಗ್. ಆ ಸ್ಪ್ರಿಂಗ್ ಹಿಂದೆ ವಾಷರ್ ತುರುಕಿ ಮುಳ್ಳು ಏರಿಸುವವರಿದ್ದಾರೆ. ಆದರೆ ಕಾದ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ವಾಲ್ವ್ ಹೇಗೂ ಮುಚ್ಚಿಯೇ ಇರುತ್ತದೆ ಅಲ್ವಾ? ಅಲ್ಲಿ ಬಿದ್ದುಹೋದ ಪ್ರೆಶರ್ ವಾಷರ್‌ನಿಂದ ಮರಳುವುದಿಲ್ಲ. ಸಂಪ್ ಬಿಚ್ಚಿ ಬೇರಿಂಗ್ ತೆಗೆದು ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ಪದರ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿದ್ದರೆ ಹೊಸ ಬೇರಿಂಗ್ ಹಾಕುವ ಹೊತ್ತು ಬಂದಿದೆ.