ಅರ್ಧ ಉಳಿದ ಲಸಿಕೆ ಬಾಟ್ಲಿ

ಯಲಬುರ್ಗಾ ಕಡೆಯ ಒಂದು ಹಳ್ಳಿ. ಕಾಲುಬಾಯಿ ಬೇನೆಗೆ ಲಸಿಕೆ ಹಾಕುವ ದಿನ. ಗುಡಿ ಮುಂದಿನ ಬೇವಿನ ಮರದ ಕೆಳಗೆ ಎತ್ತು, ಆಕಳು ಸಾಲಾಗಿ ನಿಂತಿದ್ದವು. 100 ಮಿಲಿ ಬಾಟ್ಲಿ, ಒಂದು ದನಕ್ಕೆ 2 ಮಿಲಿ. ಸಂಜೆ ಹೊತ್ತಿಗೆ ಕೊನೆಯ ಬಾಟ್ಲಿ ಅರ್ಧ ಉಳಿಯಿತು. ಕಟ್ಟೆ ಮೇಲಿದ್ದ ಅಜ್ಜ ನನ್ನನ್ನು ಕೇಳಿದರು: "ಕೆಡಬಾರ್ದಂತ ಅದ್ರಾಗ ಔಷಧ ಹಾಕಿರ್ತಾರಲ್ರಿ, ಅಂಗಡಿ ಫ್ರಿಜ್‌ನ್ಯಾಗ ಇಟ್ರ ಮುಂದಿನ ವಾರ ನಡೀತದಲ್ರಿ?"

ಔಷಧ ಹಾಕಿರುವುದು ನಿಜ. ರಬ್ಬರ್ ಮುಚ್ಚಳಕ್ಕೆ ಮತ್ತೆ ಮತ್ತೆ ಸೂಜಿ ಚುಚ್ಚಿದಾಗ ಧೂಳು, ಸಗಣಿಯ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. 1928ರಲ್ಲಿ ಆಸ್ಟ್ರೇಲಿಯಾದ ಬಂಡಬರ್ಗ್‌ನಲ್ಲಿ ಇಂಥ ಔಷಧ ಇಲ್ಲದ ಬಾಟ್ಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು, ಅದರಿಂದ ಡಿಫ್ತೀರಿಯಾ ಚುಚ್ಚುಮದ್ದು ಪಡೆದ 12 ಮಕ್ಕಳು ತೀರಿಹೋದರು. ಹಾಗಾಗಿ ಹಲವು ಲಸಿಕೆಗಳಿಗೆ ಥಯೋಮರ್ಸಾಲ್ ಬೆರೆಸುತ್ತಾರೆ. ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ.

ತೊಂದರೆ ಏನಪ್ಪಾ ಅಂದ್ರೆ, ಈ ಪಾದರಸ ಬ್ಯಾಕ್ಟೀರಿಯಾದ ಪ್ರೋಟೀನನ್ನಷ್ಟೇ ಹಿಡಿಯುವುದಿಲ್ಲ, ಲಸಿಕೆಯಲ್ಲಿರುವುದೂ ಪ್ರೋಟೀನೇ ಅಲ್ವಾ? ಕಾಲುಬಾಯಿ ವೈರಸ್ಸಿನ ಹೊರಕವಚ 12 ತುಂಡು ಸೇರಿಸಿದ ಚೆಂಡಿನ ಹಾಗೆ. ಲಸಿಕೆಯಲ್ಲಿ ವೈರಸ್ ಸತ್ತಿರುತ್ತದೆ, ಆದರೆ ಚೆಂಡು ಇಡಿಯಾಗಿರಬೇಕು, ಆಗಲೇ ದನದ ಮೈ ಅದನ್ನು ಗುರುತು ಹಿಡಿದು ಚೆನ್ನಾಗಿ ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳುವುದು. ತುಂಡಾದರೆ ಬಲ ತೀರಾ ಕಮ್ಮಿ. 2011ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ತೋರಿಸಿದ್ದು ಇದನ್ನೇ: ಥಯೋಮರ್ಸಾಲ್ ಇದ್ದರೆ ಚೆಂಡು ಬೇಗ ಬಿಚ್ಚಿಕೊಳ್ಳುತ್ತದೆ. ಬಿಸಿಯೂ ಅದೇ ಕೆಲಸ ಮಾಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ. ಬಾಟ್ಲಿ ನೋಡಿದರೆ ಮಾತ್ರ ಏನೂ ಗೊತ್ತಾಗುವುದಿಲ್ಲ, ಅದೇ ಹಾಲಿನಂಥ ಬಿಳಿ.

ಕುರಿಗೆ ಹಾಕುವ ಪಿಪಿಆರ್ (ಕುರಿ-ಮೇಕೆಗಳಿಗೆ ಬರುವ ವೈರಸ್ ರೋಗ) ಲಸಿಕೆಯ ಕಥೆ ಬೇರೆ. ಅದರಲ್ಲಿ ವೈರಸ್ ಜೀವಂತ. ಸಿರಿಂಜನ್ನು ಸ್ಪಿರಿಟ್‌ನಿಂದ ತೊಳೆದು ಹಾಗೇ ತುಂಬಿಸಿದರೆ ಲಸಿಕೆ ಅಲ್ಲೇ ಸಾಯುತ್ತದೆ. ಕುರಿಗೆ ಸೂಜಿ ನೋವು ಮಾತ್ರ ಉಳಿಯುತ್ತದೆ. ನೀರಲ್ಲಿ ಕುದಿಸಿ ಆರಿಸಿದ ಸಿರಿಂಜ್ ಸಾಕು.

ಇಷ್ಟನ್ನೂ ಅಜ್ಜನಿಗೆ ಹೇಳಲಿಲ್ಲ. "ಇವತ್ತೇ ಖಾಲಿ ಮಾಡ್ಬೇಕ್ರಿ, ಇಟ್ರ ಬಲ ಹೋಗ್ತದ" ಅಂದೆ. ಅವರು ಎದ್ದು ಹೋಗಿ, ಕೆಳಗಿನ ಓಣಿಯಿಂದ ಒಂಬತ್ತು ಎಮ್ಮೆ ಹೊಡೆದುಕೊಂಡು ಬಂದರು.