ಪ್ರೋಟ್ಯಾಕ್ ಟಿಪ್ಪಣಿ: ಡೋಸ್ ಜಾಸ್ತಿಯಾದರೆ ಕೆಲಸ ಯಾಕೆ ಕಡಿಮೆ?

ರಾಸಾಯನಿಕ ಜೀವಶಾಸ್ತ್ರದಲ್ಲಿ ಈಚೆಗೆ ಬಂದ ವಿಚಾರಗಳಲ್ಲಿ ನನಗೆ ತುಂಬ ಹಿಡಿಸಿದ್ದು ಪ್ರೋಟ್ಯಾಕ್, ಅಂದರೆ ಬೇಡದ ಪ್ರೋಟೀನನ್ನು ಜೀವಕೋಶದ ಕೈಯಲ್ಲೇ ಒಡೆಸುವ ಅಣು. ಚಿತ್ರ ನೋಡಿದರೆ ಸುಲಭ ಅನಿಸುತ್ತದೆ. ಡೋಸ್‌ನ ಗ್ರಾಫ್ ಮುಂದಿಟ್ಟರೆ ಮಾತ್ರ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಅದಕ್ಕೇ ಆ ಭಾಗವನ್ನು ಬಿಡಿಸಿ ಬರೆದಿದ್ದೇನೆ.

ಮಾಮೂಲಿ ಔಷಧಿ ಪ್ರೋಟೀನಿನ ಗುಳಿಯಲ್ಲಿ ಕೂತು ಅದರ ಕೆಲಸ ತಡೆಯುತ್ತದೆ. ಎದ್ದು ಹೋಯಿತೋ, ಪ್ರೋಟೀನ್ ಮತ್ತೆ ಶುರು. ಹಾಗಾಗಿ ರಕ್ತದಲ್ಲಿ ಸದಾ ಸಾಕಷ್ಟು ಔಷಧಿ ಇರಬೇಕು. ಎಷ್ಟೋ ಪ್ರೋಟೀನ್‌ಗಳಿಗೆ ಅಂಥ ಗುಳಿಯೇ ಇರುವುದಿಲ್ಲ, ಅದು ಬೇರೆ ತಲೆನೋವು.

ಬೇಡದ ಪ್ರೋಟೀನನ್ನು ಒಡೆಯಲು ಜೀವಕೋಶದಲ್ಲೇ ಒಂದು ದಾರಿ ಇದೆ. ಯುಬಿಕ್ವಿಟಿನ್ ಅಂತ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಅದರ ಸರಪಣಿಯನ್ನು ಇ3 ಲೈಗೇಸ್ ಎಂಬ ಕಿಣ್ವ ಗುರುತಿನಂತೆ ಅಂಟಿಸುತ್ತದೆ, ಪ್ರೋಟಿಯಾಸೋಮ್ ಎಂಬ ಜೀವಕೋಶದ ಯಂತ್ರ ಆ ಗುರುತಿನೊಂದಿಗೆ ಬಂದದ್ದನ್ನು ತುಂಡರಿಸುತ್ತದೆ. ಈ ದಾರಿ ಕಂಡುಹಿಡಿದ ಚಿಕಾನೋವರ್, ಹರ್ಷ್ಕೊ, ರೋಸ್ ಅವರಿಗೆ 2004ರ ರಸಾಯನಶಾಸ್ತ್ರ ನೊಬೆಲ್ ಬಂತು.

ಪ್ರೋಟ್ಯಾಕ್ ಅಂದರೆ ಎರಡು ತಲೆಯ ಅಣು. ಒಂದು ತಲೆ ನಮಗೆ ಬೇಡದ ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ಇ3ಯನ್ನು. ನಡುವೆ ಒಂದು ಕೊಂಡಿ. ಎರಡೂ ಹತ್ತಿರ ಬಂದರೆ ಸಾಕು, ಇ3 ತನ್ನ ಪಾಡಿಗೆ ಯುಬಿಕ್ವಿಟಿನ್ ಅಂಟಿಸಿಬಿಡುತ್ತದೆ. ಪ್ರೋಟೀನ್ ಒಡೆದುಹೋದ ಮೇಲೆ ಪ್ರೋಟ್ಯಾಕ್ ಬಿಡುಗಡೆಯಾಗಿ ಮುಂದಿನದನ್ನು ಹಿಡಿಯುತ್ತದೆ. ಒಂದೇ ಅಣು ಎಷ್ಟೋ ಪ್ರೋಟೀನ್‌ಗಳನ್ನು ಮುಗಿಸಬಲ್ಲದು. 2001ರಲ್ಲಿ ಯೇಲ್‌ನ ಕ್ರೇಗ್ ಕ್ರೂಸ್, ಕ್ಯಾಲ್ಟೆಕ್‌ನ ರೇಮಂಡ್ ಡೆಶೇಸ್ ತಂಡಗಳು ಇದನ್ನು ಮೊದಲು ತೋರಿಸಿದವು. ಆಗಿನದು ಪೆಪ್ಟೈಡ್ (ಅಮೈನೋ ಆಮ್ಲಗಳ ಗಿಡ್ಡ ಸರ) ಇದ್ದ ಅಣು, ಜೀವಕೋಶದ ಒಳಗೆ ಹೋಗುವುದೇ ಕಷ್ಟ. ಪೂರ್ತಿ ಸಣ್ಣ ಅಣುಗಳಿಂದಲೇ ಮಾಡಿದ ಪ್ರೋಟ್ಯಾಕ್ ಬಂದದ್ದು 2008ರಲ್ಲಿ.

ಈಗ ಗ್ರಾಫ್. ಡೋಸ್ ಏರಿಸುತ್ತಾ ಹೋದರೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಒಂದು ಪ್ರೋಟೀನ್ ಎಷ್ಟಿದೆ ಅಂತ ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಪ್ರೋಟೀನಿನ ಪಟ್ಟಿ ಮಸುಕಾಗುತ್ತದೆ, ಮಾಯವಾಗುತ್ತದೆ. ಇನ್ನೂ ಏರಿಸಿದರೆ ಪಟ್ಟಿ ವಾಪಸ್ ಬರುತ್ತದೆ! ಇದಕ್ಕೆ ಹುಕ್ ಎಫೆಕ್ಟ್ ಅನ್ನುತ್ತಾರೆ. ಮದುವೆ ಬ್ರೋಕರ್ ಲೆಕ್ಕ ಹಾಕಿ ನೋಡಿ. ಹುಡುಗಿ ಮನೆಗೂ ಹುಡುಗನ ಮನೆಗೂ ಒಬ್ಬನೇ ಹೋದರೆ ಸಂಬಂಧ ಕೂಡುತ್ತದೆ. ಊರ ತುಂಬ ಬ್ರೋಕರ್‌ಗಳಾಗಿ ಹುಡುಗಿ ಮನೆಯಲ್ಲಿ ಒಬ್ಬ, ಹುಡುಗನ ಮನೆಯಲ್ಲಿ ಇನ್ನೊಬ್ಬ ಕೂತುಬಿಟ್ಟರೆ? ಎರಡು ಮನೆಯವರು ಮುಖ ನೋಡುವುದೇ ಇಲ್ಲ. ಇಲ್ಲೂ ಅಷ್ಟೇ: ಪ್ರೋಟೀನ್‌ಗೊಂದು ಪ್ರೋಟ್ಯಾಕ್, ಇ3ಗೊಂದು ಪ್ರೋಟ್ಯಾಕ್, ಮೂವರೂ ಕೂಡಿದ ಜೋಡಣೆ ಆಗುವುದೇ ಇಲ್ಲ. ಆದ್ದರಿಂದ ದೊಡ್ಡ ಡೋಸ್ ಒಂದನ್ನೇ ನೋಡಿ ಅಣು ಕೆಲಸಕ್ಕೆ ಬಾರದು ಅಂತ ಬರೆಯಬೇಡಿ. ಪ್ರೋಟೀನ್ ಕಡಿಮೆಯಾಗಿದ್ದು ಪ್ರೋಟಿಯಾಸೋಮ್‌ನಿಂದಲೇ ಅಂತ ತೋರಿಸಲು ಅದನ್ನು ತಡೆಯುವ ಬೋರ್ಟೆಜೋಮಿಬ್ ಹಾಕಿ ನೋಡಬೇಕು. ಆಗ ಪಟ್ಟಿ ಹಾಗೇ ಉಳಿಯಬೇಕು.

ಇ3 ಹಿಡಿಯುವ ತಲೆಯ ಕತೆ ಸ್ವಲ್ಪ ಕರಾಳ. ಎಷ್ಟೋ ಪ್ರೋಟ್ಯಾಕ್‌ಗಳಲ್ಲಿ ಆ ತಲೆ ಬಂದದ್ದು ಥ್ಯಾಲಿಡೊಮೈಡ್ ಎಂಬ ಹಳೆಯ ಔಷಧಿಯಿಂದ. ಥ್ಯಾಲಿಡೊಮೈಡ್ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಬಸುರಿಯರು ವಾಕರಿಕೆಗೆ ತೆಗೆದುಕೊಂಡರು. ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ ಮೇಲೆ 1961ರಲ್ಲಿ ಹಿಂದಕ್ಕೆ ತೆಗೆದರು. ಕಾರಣ ತಿಳಿಯಲು ಸುಮಾರು ಐವತ್ತು ವರ್ಷ ಬೇಕಾಯಿತು. 2010ರಲ್ಲಿ ಜಪಾನಿನ ಹಿರೋಷಿ ಹಾಂಡಾ ತಂಡ ಪುಟ್ಟ ಅಯಸ್ಕಾಂತದ ಮಣಿಗಳಿಗೆ ಥ್ಯಾಲಿಡೊಮೈಡ್ ಅಂಟಿಸಿ, ಜೀವಕೋಶದ ರಸದಲ್ಲಿ ಅದ್ದಿತು. ಸಿಕ್ಕಿಬಿದ್ದದ್ದು ಸೆರೆಬ್ಲಾನ್, ಒಂದು ಇ3ಯ ಭಾಗ. ಇಲಿಯ ಸೆರೆಬ್ಲಾನ್‌ನಲ್ಲಿ ಒಂದು ಮುಖ್ಯ ಜಾಗದ ಅಮೈನೋ ಆಮ್ಲ ಬೇರೆ. ಇಲಿಮರಿಗಳಿಗೆ ಈ ತೊಂದರೆ ಆಗದೆ ಇರಲು ಅದೂ ಒಂದು ಕಾರಣ. ಥ್ಯಾಲಿಡೊಮೈಡ್‌ನ ತಮ್ಮನಂತಿರುವ ಲೆನಾಲಿಡೊಮೈಡ್ ಇವತ್ತು ಮೈಲೋಮಾ ಎಂಬ ಕ್ಯಾನ್ಸರ್‌ಗೆ ಔಷಧಿ. ಅದು ಸೆರೆಬ್ಲಾನ್ ಮೂಲಕ ಎರಡು ಪ್ರೋಟೀನ್‌ಗಳನ್ನು ಒಡೆಸುತ್ತದೆ ಅಂತ 2014ರಲ್ಲಿ ಗೊತ್ತಾಯಿತು.

ಸದ್ಯದ ಸ್ಥಿತಿ: 2019ರಲ್ಲಿ ಮೊದಲ ಪ್ರೋಟ್ಯಾಕ್ ರೋಗಿಗಳ ಮೇಲಿನ ಪರೀಕ್ಷೆಗೆ ಹೋಯಿತು. ಸ್ತನ ಕ್ಯಾನ್ಸರ್‌ಗಾಗಿ ಮಾಡಿದ ವೆಪ್ಡೆಜೆಸ್ಟ್ರಾಂಟ್ ಎಂಬ ಪ್ರೋಟ್ಯಾಕ್‌ನ 3ನೇ ಹಂತದ ಪರೀಕ್ಷೆಯ ಫಲಿತಾಂಶ 2025ರಲ್ಲಿ ಬಂತು. ಗೆಡ್ಡೆಯಲ್ಲಿ ಇಎಸ್‌ಆರ್1 (ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕ ಪ್ರೋಟೀನಿನ) ಜೀನ್ ಬದಲಾಗಿದ್ದವರಲ್ಲಿ ರೋಗ ಉಲ್ಬಣಿಸದೆ ಇದ್ದ ಅವಧಿಯ ಮಧ್ಯಾಂಕ 5 ತಿಂಗಳು, ಹಳೆಯ ಔಷಧಿ ಫುಲ್ವೆಸ್ಟ್ರಾಂಟ್ ಪಡೆದವರಲ್ಲಿ 2.1 ತಿಂಗಳು. ಎಲ್ಲರನ್ನೂ ಸೇರಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಈ ಕೊನೆಯ ಮಾತನ್ನು ಬಿಟ್ಟು ಓದಬೇಡಿ.

ಮನುಷ್ಯನಲ್ಲಿ 600ಕ್ಕೂ ಹೆಚ್ಚು ಇ3ಗಳಿದ್ದರೂ ಬಹುತೇಕ ಪ್ರೋಟ್ಯಾಕ್‌ಗಳು ಬಳಸುವುದು ಸೆರೆಬ್ಲಾನ್ ಮತ್ತು ಇನ್ನೊಂದು ಇ3ಯ ಭಾಗವಾದ ವಿಎಚ್‌ಎಲ್, ಈ ಎರಡನ್ನೇ. ಸರಿಯಾದ ಇ3 ಆರಿಸಿದರೆ ಏನು ಲಾಭ ಅನ್ನುವುದಕ್ಕೆ ಜೀವಕೋಶ ಸಾಯದಂತೆ ಕಾಯುವ ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೋಟೀನ್ ಒಳ್ಳೆಯ ಉದಾಹರಣೆ. ಅದನ್ನು ತಡೆಯುವ ಔಷಧಿ ಕೊಟ್ಟರೆ ಕ್ಯಾನ್ಸರ್ ಕೋಶದ ಜೊತೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳೂ ಸಾಯುತ್ತವೆ. ಪ್ಲೇಟ್‌ಲೆಟ್‌ಗಳಲ್ಲಿ ವಿಎಚ್‌ಎಲ್ ತೀರಾ ಕಡಿಮೆ. ಹಾಗಾಗಿ ವಿಎಚ್‌ಎಲ್ ಹಿಡಿಯುವ ಪ್ರೋಟ್ಯಾಕ್ ಮಾಡಿದಾಗ ಪ್ಲೇಟ್‌ಲೆಟ್‌ಗಳು ಬಹಳ ಮಟ್ಟಿಗೆ ಉಳಿದುಕೊಂಡವು.