ತಾವರೆಯ ನೆಂಟ ಚಿನಾರ್ ಮರ

ತಾವರೆ ಮತ್ತು ನೈದಿಲೆ ಒಂದೇ ಕೊಳದಲ್ಲಿ ಅರಳಿದ್ದರೆ ಯಾರಾದರೂ ಅವನ್ನು ಅಕ್ಕತಂಗಿ ಎಂದೇ ಅಂದುಕೊಳ್ಳುತ್ತಾರೆ. ಎರಡರ ಬೇರೂ ಕೆಸರಿನಲ್ಲಿ. ಎರಡಕ್ಕೂ ದುಂಡನೆಯ ಎಲೆ, ಹಲವು ಎಸಳಿನ ದೊಡ್ಡ ಹೂವು. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಕೂಡ ಹಾಗೆಯೇ ಅಂದುಕೊಂಡರು. 1753ರಲ್ಲಿ ಅವರು ತಾವರೆಯನ್ನು ನೈದಿಲೆಯ ಕುಲಕ್ಕೇ ಸೇರಿಸಿ ನಿಂಫಿಯಾ ನೆಲಂಬೊ ಎಂದು ಹೆಸರಿಟ್ಟರು. ಹೂವಿನ ಕೇಸರಗಳನ್ನು ಎಣಿಸಿ ಗುಂಪು ಮಾಡುವುದು ಅವರ ಪದ್ಧತಿ. ಎರಡರಲ್ಲೂ ಕೇಸರಗಳು ಲೆಕ್ಕಕ್ಕೆ ಸಿಗದಷ್ಟು ಜಾಸ್ತಿ.

ಹತ್ತಿರ ಹೋಗಿ ನೋಡಿದರೆ ಬೇರೆಯದೇ ಸುಳಿವು ಸಿಗುತ್ತದೆ. ನೈದಿಲೆ ಎಲೆಯಲ್ಲಿ ಅಂಚಿನಿಂದ ತೊಟ್ಟಿನವರೆಗೆ ಒಂದು ಸೀಳು ಇರುತ್ತದೆ. ತಾವರೆ ಎಲೆ ಪೂರ್ತಿ ದುಂಡಗೆ, ಕೊಡೆಯ ಹಾಗೆ, ತೊಟ್ಟು ನಟ್ಟನಡುವೆ. ನೀರಿನ ಹನಿ ಅದರ ಮೇಲೆ ನಿಲ್ಲದೆ ಉರುಳಿ ಹೋಗುತ್ತದೆ. ಆದರೆ ನಿಜವಾದ ಗುಟ್ಟು ಇದ್ದದ್ದು ಪರಾಗದಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಾವರೆಯ ಪರಾಗದ ಕಣದ ಮೇಲೆ ಮೂರು ಗೀರುಗಳು ಕಾಣುತ್ತವೆ. ನೈದಿಲೆಯ ಪರಾಗದಲ್ಲಿ ಹಾಗಿಲ್ಲ. ಗುಲಾಬಿ, ಅವರೆ, ಸೂರ್ಯಕಾಂತಿ ಎಲ್ಲ ಸೇರಿರುವ ಒಂದು ದೊಡ್ಡ ಬಳಗಕ್ಕೆ ಈ ಮೂರು ಗೀರುಗಳೇ ಗುರುತು. ಇಷ್ಟಾದರೂ ಇಪ್ಪತ್ತನೇ ಶತಮಾನದ ಕೊನೆಯವರೆಗೂ ಎಷ್ಟೋ ಪುಸ್ತಕಗಳಲ್ಲಿ ತಾವರೆ ನೈದಿಲೆಯ ಪಕ್ಕದಲ್ಲೇ ಉಳಿದಿತ್ತು.

ಡಿಎನ್‌ಎ ಓದಲು ಶುರುವಾದ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಹಲವು ದೇಶಗಳ ಸಸ್ಯವಿಜ್ಞಾನಿಗಳು ಸೇರಿ 1998ರಲ್ಲಿ ಹೂಬಿಡುವ ಗಿಡಗಳ ಹೊಸ ವರ್ಗೀಕರಣವನ್ನು ಪ್ರಕಟಿಸಿದರು. ಎಪಿಜಿ ಎಂದು ಅದಕ್ಕೆ ಹೆಸರು. ಅದರಲ್ಲಿ ತಾವರೆ ಎಲ್ಲಿ ಹೋಗಿ ಕೂತಿದೆ ಗೊತ್ತಾ? ಕಾಶ್ಮೀರದಲ್ಲಿ ಕಾಣುವ ಚಿನಾರ್ ಮರ ಮತ್ತು ದಕ್ಷಿಣ ಆಫ್ರಿಕಾದ ಪ್ರೋಟಿಯಾ ಪೊದೆಯ ಜೊತೆ! ಈಗಿನ ಗಿಡಗಳಲ್ಲಿ ತಾವರೆಗೆ ಹತ್ತಿರದ ನೆಂಟರು ಅವೇ. ಒಂದು ನೀರಿನಲ್ಲಿ, ಇನ್ನೊಂದು ಆಕಾಶದೆತ್ತರಕ್ಕೆ. ಇವು ಬೇರೆ ಬೇರೆ ದಾರಿ ಹಿಡಿದು 10 ಕೋಟಿ ವರ್ಷಕ್ಕೂ ಜಾಸ್ತಿಯಾಗಿದೆ, ಹಾಗಾಗಿ ಮುಖದಲ್ಲಿ ಹೋಲಿಕೆ ಉಳಿದಿಲ್ಲ. ನೈದಿಲೆಯದಂತೂ ಇನ್ನೂ ಹಳೆಯ ಮನೆತನ. ಹೂಗಿಡಗಳ ವಂಶವೃಕ್ಷದಲ್ಲಿ ಬುಡದ ಹತ್ತಿರವೇ ಕವಲೊಡೆದ ಕೊಂಬೆ ಅದು.

ನೀರಿನ ಬದುಕು ತಾವರೆ, ನೈದಿಲೆ ಇಬ್ಬರನ್ನೂ ಒಂದೇ ಅಚ್ಚಿಗೆ ತಂದಿದೆ. ಒಣನೆಲವೂ ಇದೇ ಕೆಲಸ ಮಾಡುತ್ತದೆ. ಆಫ್ರಿಕಾದ ಎಷ್ಟೋ ಕಳ್ಳಿಗಳು ಥೇಟ್ ಪಾಪಾಸುಕಳ್ಳಿ ಜಾತಿಯ ಹಾಗೆ ಕಾಣುತ್ತವೆ, ಆದರೆ ಕೊಯ್ದರೆ ಹಾಲು ಸುರಿಯುತ್ತದೆ. ಅವು ಹರಳು ಗಿಡದ ಕುಟುಂಬದವು. ಪಾಪಾಸುಕಳ್ಳಿಯ ಕುಟುಂಬ ಅಮೆರಿಕ ಖಂಡಗಳದ್ದು. ಆ ಕುಟುಂಬದಲ್ಲಿ ಒಂದೇ ಒಂದು ಪ್ರಭೇದ ಮಾತ್ರ ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾಗಳಲ್ಲೂ ತಾನಾಗಿ ಬೆಳೆಯುತ್ತದೆ. ಅಂಟಂಟಾದ ಬೀಜವನ್ನು ಹಕ್ಕಿಗಳು ದಾಟಿಸಿರಬೇಕು.

ತಾನಾಗಿ ಎಂಬ ಮಾತನ್ನು ಸುಮ್ನೆ ಬಳಸಿದ್ದಲ್ಲ. ಮನುಷ್ಯ ಒಯ್ದು ನೆಟ್ಟ ಜಾಗಗಳನ್ನು ಬಿಟ್ಟು, ಗಿಡ ತನ್ನಷ್ಟಕ್ಕೆ ಹಬ್ಬಿರುವ ನೆಲವೇ ಅದರ ಸಹಜ ನೆಲೆ. ಒಂದು ಗಿಡದ ಹಿಂದಿನ ಕಥೆ ಬೇಕೆಂದರೆ ನಾನು ಮೊದಲು ನೋಡುವುದು ಈ ನೆಲೆಯ ನಕ್ಷೆಯನ್ನು. ತಾವರೆಯದನ್ನೇ ನೋಡಿ. ಅದರ ಕುಲದಲ್ಲಿ ಇವತ್ತು ಉಳಿದಿರುವುದು ಎರಡೇ ಪ್ರಭೇದ. ಗುಲಾಬಿ ಅಥವಾ ಬಿಳಿ ಹೂವಿನದು ಏಷ್ಯಾದಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಇದೆ. ತಿಳಿಹಳದಿ ಹೂವಿನದು ಉತ್ತರ ಅಮೆರಿಕದ ಪೂರ್ವಭಾಗದಲ್ಲಿದೆ. ನಡುವೆ ಇಡೀ ಪೆಸಿಫಿಕ್ ಸಾಗರ. ಬೀಜ ಅಷ್ಟು ದೂರ ತೇಲಿ ಹೋಯಿತಾ? ಉತ್ತರ ಪಳೆಯುಳಿಕೆಗಳಲ್ಲಿದೆ. ತಾವರೆ ಬಳಗದ ಎಲೆಗಳ ಅಚ್ಚುಗಳು ಯುರೋಪಿನಲ್ಲೂ ಸಿಕ್ಕಿವೆ, ಇವತ್ತು ಅಲ್ಲಿ ಈ ಬಳಗ ಬಹುಪಾಲು ಇಲ್ಲವಾಗಿದ್ದರೂ. ಭೂಮಿ ಬೆಚ್ಚಗಿದ್ದ ಕಾಲದಲ್ಲಿ ಉತ್ತರದ ಖಂಡಗಳ ಉದ್ದಕ್ಕೂ ತಾವರೆಕೊಳಗಳಿದ್ದವು. ಆಮೇಲೆ ಚಳಿ ಏರಿತು, ಹಿಮಯುಗಗಳು ಬಂದವು. ನಡುವಿನವು ಅಳಿದು ಎರಡು ತುದಿಗಳು ಉಳಿದುಕೊಂಡವು.

ಈ ಎರಡನ್ನೂ ತೋಟಗಾರರು ಈಗ ಒಂದೇ ಕಡೆ ಬೆಳೆಸುತ್ತಾರೆ. ಒಂದರ ಪರಾಗವನ್ನು ಇನ್ನೊಂದಕ್ಕೆ ಸೋಕಿಸಿದರೆ ಬೀಜ ಕಟ್ಟುತ್ತದೆ. ಆ ಬೀಜದಿಂದ ಹುಟ್ಟಿದ ಮಿಶ್ರತಳಿಗಳೂ ಚೆನ್ನಾಗಿ ಹೂ ಬಿಡುತ್ತವೆ.